ಸ್ಟೀಮರಿನಲ್ಲಿ ಬಂದ ಕಾಗದ ಕಾನೂನುಬಾಹಿರವೇ?

ಪ್ರಶ್ನೆ (ಮಾಟುಂಗದಿಂದ): ವಕೀಲರೇ, ನಮಸ್ಕಾರ. ಮುಂಬಯಿ ಹೋಟೆಲೊಂದರಲ್ಲಿ ಅಡುಗೆ ಮಾಡುತ್ತಿದ್ದ ನಮ್ಮಜ್ಜನ ಟ್ರಂಕಿನಲ್ಲಿ 1936ರ ಏಳು ಕಾಗದಗಳು ಸಿಕ್ಕಿವೆ. ಮಂಗಳೂರಿನಿಂದ ಮುತ್ತಜ್ಜ ಬರೆದವು. ಅಂಚೆಚೀಟಿಯಿಲ್ಲ, ಮುದ್ರೆಯಿಲ್ಲ. ಚೀಟಿ ಅಂಟಿಸುವ ಮೂಲೆಯಲ್ಲಿ ‘ಸ್ಟೀಮರ್ ಗುಮಾಸ್ತರ ಕೈಯಲ್ಲಿ’ ಎಂದಿದೆ. ಆಗ ಇದು ಅಪರಾಧವಾಗಿತ್ತು ಎನ್ನುತ್ತಾರೆ ಚಿಕ್ಕಪ್ಪ. ನಿಜವೇ?

ಉತ್ತರ: ನಿಜ ತಾಯಿ. 1898ರ ಭಾರತೀಯ ಅಂಚೆ ಕಚೇರಿ ಕಾಯ್ದೆಯ 4ನೇ ಕಲಂ ಕಾಗದ ಸಾಗಿಸುವ ಹಕ್ಕನ್ನು ಸರ್ಕಾರಕ್ಕೇ ಮೀಸಲಿಟ್ಟಿತ್ತು. ಪ್ರಯಾಣ ಹೊರಟ ಸ್ನೇಹಿತ ದುಡ್ಡು ಪಡೆಯದೆ ಒಯ್ದುಕೊಟ್ಟರೆ ತಪ್ಪಿರಲಿಲ್ಲ. 5ನೇ ಕಲಂ ಬಲು ಬಿಗಿ. ಭಾರತದ ಬಂದರುಗಳ ನಡುವೆ ಓಡುವ ಹಡಗಿನ ಮಾಲೀಕ, ಕಪ್ತಾನ, ಅವರ ನೌಕರರು ಬಿಡಿಗಾಸು ಮುಟ್ಟದಿದ್ದರೂ ಖಾಸಗಿ ಕಾಗದ ಒಯ್ಯುವಂತಿರಲಿಲ್ಲ. ಟಿಕೆಟ್ ಕೊಂಡು ಬಂದ ನೆಂಟ ತಂದರೆ ಸರಿ, ಅದೇ ಹಡಗಿನ ಗುಮಾಸ್ತ ತಂದರೆ ಒಂದೊಂದು ಕಾಗದಕ್ಕೂ 50 ರೂಪಾಯಿವರೆಗೆ ದಂಡ! ಕಳಿಸಿದವರೂ ದಂಡಕ್ಕೆ ಗುರಿ. ಅಂಚೆಯ ಆದಾಯ ಸೋರಬಾರದೆಂಬ ಕಾಳಜಿ ನನಗೆ ಅರ್ಥವಾಗುತ್ತದೆ. ಮಗನ ಕ್ಷೇಮ ಕೇಳಿದ ತಂದೆಗೆ ಇಷ್ಟು ದಂಡ ಅನ್ಯಾಯವೇ.

ಆದರೆ ಒಂದು ದಾರಿಯಿತ್ತು. ಹಡಗಿನಲ್ಲಿರುವ ಸಾಮಾನಿಗೆ ಮಾತ್ರ ಸಂಬಂಧಿಸಿದ ಕಾಗದವನ್ನು ಹಡಗಿನವರು ಒಯ್ಯಬಹುದಿತ್ತು. ನಿಮ್ಮ ಕಾಗದಗಳಲ್ಲಿ ಏನಿದೆ?

ಪ್ರಶ್ನೆ: ಆರರಲ್ಲಿ ಮನೆಯ ಸುದ್ದಿ. ಒಂದರಲ್ಲಿ ‘ಭರಣಿಯಲ್ಲಿ ಮಿಡಿ ಉಪ್ಪಿನಕಾಯಿ, ಡಬ್ಬದಲ್ಲಿ ಹಪ್ಪಳ 100, ಎಣಿಸಿಕೊ’ ಎಂದಿದೆ. ಕೆಳಗೆ ಸಣ್ಣಕ್ಷರದಲ್ಲಿ, ‘ಕೆಂಪಿ ಕರು ಹಾಕಿದೆ’.

ಉತ್ತರ: ಹಪ್ಪಳದ ಲೆಕ್ಕಕ್ಕೇ ನಿಂತಿದ್ದರೆ ಅದು ನಿರ್ದೋಷಿ. ‘ಮಾತ್ರ’ ಎಂಬ ಪದವನ್ನು ಕಟ್ಟುನಿಟ್ಟಾಗಿ ಓದಿದರೆ ಕರುವಿನ ಸಾಲಿನಿಂದ ವಿನಾಯಿತಿ ತಪ್ಪುತ್ತದೆ. ಅಂಚೆಗೆ ಹಾಕಿದ್ದರೆ ಈ ಕಾಗದಗಳು ನಮ್ಮ ವಿಜಯಪುರದ ಗೋಲಗುಮ್ಮಟದ ಮಾದರಿಯಲ್ಲಿ ಕಟ್ಟಿ 1913ರಲ್ಲಿ ಮುಗಿಸಿದ ಮುಂಬಯಿಯ ಜಿಪಿಒಗೆ ಬರುತ್ತಿದ್ದವು.

ಪ್ರಶ್ನೆ (ವಾಶಿಯಿಂದ): ಸರ್, ನನ್ನ ತಮ್ಮ ಸರಕು ಹಡಗಿನಲ್ಲಿದ್ದಾನೆ. ಈಗಲೂ ಆ ನಿಷೇಧ ಇದೆಯೇ?

ಉತ್ತರ: ಇಲ್ಲ. 2023ರ ಅಂಚೆ ಕಚೇರಿ ಕಾಯ್ದೆ 2024ರ ಜೂನ್ 18ರಿಂದ ಜಾರಿಯಲ್ಲಿದೆ. ಹಳೆಯ ಕಾಯ್ದೆ ರದ್ದಾಗಿ ಕಾಗದದ ಏಕಸ್ವಾಮ್ಯ ಹೋಯಿತು. ಅಂಚೆಚೀಟಿ ಹೊರಡಿಸುವ ಹಕ್ಕು ಮಾತ್ರ ಅಂಚೆಗೇ ಉಳಿದಿದೆ. ಆದರೂ ತಮ್ಮನಿಗೆ ಹೇಳಿ: ಒಳಗೇನಿದೆಯೆಂದು ತಿಳಿಯದ ಅಂಟಿಸಿದ ಲಕೋಟೆಯನ್ನು ಯಾರಿಂದಲೂ ತೆಗೆದುಕೊಳ್ಳಬಾರದು. ಕಸ್ಟಮ್ಸ್‌ನವರು ತೆರೆಸಿದಾಗ ಉತ್ತರ ಹೇಳಬೇಕಾದವನು ಅವನೇ.