ಫ್ಲೆಕ್ಸ್ ಶೀರ್ಷಿಕೆಗೆ ದಪ್ಪ ಓರೆ ಅಕ್ಷರ: ಥಕಾರದ ಚುಕ್ಕೆ ಮುಚ್ಚುತ್ತದೆ, ಒತ್ತಕ್ಷರ ಸರಿಯುತ್ತದೆ

ಮುಲುಂಡ್‌ನ ಸದಸ್ಯರು:

ಎಲ್ಲರಿಗೂ ನಮಸ್ಕಾರ. ನಮ್ಮ ಕನ್ನಡ ಸಂಘದ ಸಮಾರಂಭಕ್ಕಾಗಿ ಕನ್ನಡ, ಮರಾಠಿ, ಇಂಗ್ಲಿಷ್ ಮೂರರಲ್ಲೂ ಶೀರ್ಷಿಕೆಯಿರುವ ಫ್ಲೆಕ್ಸ್ ಸಿದ್ಧಪಡಿಸುತ್ತಿದ್ದೇನೆ. ಇಂಗ್ಲಿಷ್ ಸಾಲು ಸ್ಯಾನ್ಸ್-ಸೆರಿಫ್ (ಗೆರೆಗಳ ತುದಿಯಲ್ಲಿ ಚಿಕ್ಕ ಅಡ್ಡಗೆರೆಗಳಿಲ್ಲದ) ಬೋಲ್ಡ್ ಇಟಾಲಿಕ್‌ನಲ್ಲಿದೆ, ಅಂದರೆ ದಪ್ಪ ಓರೆ ಅಕ್ಷರದಲ್ಲಿದೆ. ಅದಕ್ಕೆ ಹೊಂದಲೆಂದು ‘ವಿದ್ಯಾರ್ಥಿ ಸನ್ಮಾನ’ ಎಂಬ ಸಾಲನ್ನು ನೋಟೋ ಸ್ಯಾನ್ಸ್ ಕನ್ನಡದ ರೆಗ್ಯುಲರ್ ಫಾಂಟಿನಲ್ಲಿ ಬರೆದು ಬೋಲ್ಡ್, ಇಟಾಲಿಕ್ ಗುಂಡಿಗಳನ್ನು ಒತ್ತಿದರೆ, ಥಕಾರದ ಚುಕ್ಕೆ ಮುಚ್ಚಿಹೋಗುತ್ತದೆ, ಅಕ್ಷರಗಳು ಒಂದಕ್ಕೊಂದು ತಾಗುತ್ತವೆ, ಒತ್ತಕ್ಷರಗಳು ಎಡಕ್ಕೆ ಜಾರಿದಂತೆ ಕಾಣುತ್ತವೆ. ಮರಾಠಿ ಸಾಲಿನಲ್ಲಿ ಇಷ್ಟು ತೊಂದರೆಯಿಲ್ಲ. ದೋಷ ಫಾಂಟಿನದೋ, ತಂತ್ರಾಂಶದ್ದೋ?

ದಾದರ್‌ನ ಸದಸ್ಯರು:

ನಮಸ್ಕಾರ. ಇಲ್ಲಿರುವುದು ಎರಡು ಬೇರೆ ಬೇರೆ ತೊಂದರೆಗಳು. ಅಕ್ಷರಗಳು ತಾಗುವುದಕ್ಕೂ ಚುಕ್ಕೆ ಮುಚ್ಚುವುದಕ್ಕೂ ಮುಖ್ಯ ಕಾರಣ ಕೃತಕ ಬೋಲ್ಡ್. ನಿಮ್ಮಲ್ಲಿ ರೆಗ್ಯುಲರ್ ಮಾತ್ರ ಇರುವುದರಿಂದ ತಂತ್ರಾಂಶವು ಗೆರೆಯನ್ನು ಸುತ್ತಲೂ ಉಬ್ಬಿಸುತ್ತದೆಯೇ ಹೊರತು ಒಳಗಿನ ಜಾಗವನ್ನಾಗಲಿ ಅಕ್ಷರಗಳ ನಡುವಿನ ಅಂತರವನ್ನಾಗಲಿ ಅದಕ್ಕೆ ತಕ್ಕಂತೆ ಹೊಂದಿಸುವುದಿಲ್ಲ. ನಿಜವಾದ ದಪ್ಪ ಫಾಂಟನ್ನು ಬಳಸಿದರೆ ಈ ತೊಂದರೆ ಅಲ್ಲಿಗೇ ನಿಲ್ಲುತ್ತದೆ. ಮುಂಬಯಿಯ ಏಕ್ ಟೈಪ್ ಸಂಸ್ಥೆಯ ‘ಅನೇಕ್ ಕನ್ನಡ’ ಉಚಿತವಾಗಿ ಸಿಗುತ್ತದೆ, ಅದರ ದಪ್ಪ 100ರಿಂದ 800ರವರೆಗೆ ಇದೆ, ಅದೇ ಕುಟುಂಬದಲ್ಲಿ ದೇವನಾಗರಿ ಮತ್ತು ಲ್ಯಾಟಿನ್ ಕೂಡ ಇರುವುದರಿಂದ ನಿಮ್ಮ ಮೂರೂ ಸಾಲುಗಳು ಒಂದೇ ಕೈಯ ಬರಹದಂತೆ ಹೊಂದುತ್ತವೆ.

ಆದರೆ ಅನೇಕ್‌ನಲ್ಲಿಯೂ ನೋಟೋದಲ್ಲಿಯೂ ಇಟಾಲಿಕ್ ಇಲ್ಲ, ಹಾಗಾಗಿ ಓರೆಯನ್ನು ನಾವೇ ಮಾಡಬೇಕು. ಓರೆ ಮಾಡುವಾಗ ಅಡಿಗೆರೆ (ಅಕ್ಷರಗಳು ನಿಲ್ಲುವ ಕಾಲ್ಪನಿಕ ಗೆರೆ) ಅಲುಗದೆ ಮೇಲಿನದು ಬಲಕ್ಕೂ ಕೆಳಗಿನದು ಎಡಕ್ಕೂ ಸರಿಯುತ್ತದೆ. ಅಡಿಗೆರೆಯಿಂದ 40 ಮಿ.ಮೀ. ಕೆಳಗಿರುವ ಒತ್ತಕ್ಷರದ ತುದಿ 14 ಡಿಗ್ರಿ ಓರೆಯಲ್ಲಿ ಸುಮಾರು 10 ಮಿ.ಮೀ. ಎಡಕ್ಕೆ ಹೋದರೆ, 8 ಡಿಗ್ರಿಯಲ್ಲಿ ಸುಮಾರು 5.6 ಮಿ.ಮೀ. ಮಾತ್ರ ಹೋಗುತ್ತದೆ. ಇಂಗ್ಲಿಷ್‌ನಲ್ಲಿ ಅಡಿಗೆರೆಯ ಕೆಳಗೆ ಇಳಿಯುವ ಅಕ್ಷರಗಳೇ ಕಡಿಮೆ, ಮರಾಠಿಯಲ್ಲಿ ಅಕ್ಷರಗಳ ತಲೆಯ ಮೇಲಿನ ಅಡ್ಡಗೆರೆಯಾದ ಶಿರೋರೇಖೆ ಸಾಲನ್ನು ಹಿಡಿದಿಡುತ್ತದೆ. ಕನ್ನಡದಲ್ಲಿ ಅರ್ಧ ಪದವೇ ಕೆಳಗಿರಬಹುದು. ಇದಲ್ಲದೆ ನಮ್ಮ ದುಂಡು ಗೆರೆಗಳ ಬಲ ಮೇಲ್ಭಾಗ ಮತ್ತು ಎಡ ಕೆಳಭಾಗ ದಪ್ಪವಾಗಿ, ಉಳಿದೆರಡು ಕಡೆ ತೆಳುವಾಗುತ್ತವೆ. ದೊಡ್ಡ ಫ್ಲೆಕ್ಸಿನಲ್ಲಿ ಇದು ದೂರದಿಂದಲೂ ಕಣ್ಣಿಗೆ ಹೊಡೆಯುತ್ತದೆ, ಆದ್ದರಿಂದ 8 ಡಿಗ್ರಿಗಿಂತ ಮುಂದೆ ಹೋಗಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಇಂಕ್‌ಸ್ಕೇಪ್ ಎಂಬ ಚಿತ್ರರಚನಾ ತಂತ್ರಾಂಶದಲ್ಲಿ ಪಠ್ಯವನ್ನು ಪಾತ್ ಆಗಿ (ಬರಿಯ ಗೆರೆಗಳ ಆಕಾರವಾಗಿ) ಬದಲಾಯಿಸಿ, ಇಡೀ ಸಾಲನ್ನು ಒಟ್ಟಿಗೆ ಓರೆ ಮಾಡಿ, ಅನಂತರ ‘ದ್ಯಾ’ ಮತ್ತು ‘ನ್ಮಾ’ದ ಒತ್ತುಗಳನ್ನು ಕಣ್ಣಳತೆಯಲ್ಲಿ ಬಲಕ್ಕೆ ಸರಿಸಿ. ಇಂಗ್ಲಿಷ್ ಮತ್ತು ಮರಾಠಿ ಸಾಲುಗಳಿಗೂ ಅದೇ 8 ಡಿಗ್ರಿ ಕೊಡಿ.

ಮುಲುಂಡ್‌ನ ಸದಸ್ಯರು:

ಅನೇಕ್ 800ರಲ್ಲಿ ಚುಕ್ಕೆ ಸ್ಪಷ್ಟವಾಗಿ ಉಳಿಯಿತು, ತುಂಬ ಧನ್ಯವಾದಗಳು. ‘ರ್ಥಿ’ಯ ಅರ್ಕಾವತ್ತನ್ನೂ ಸರಿಸಬೇಕೇ?

ದಾದರ್‌ನ ಸದಸ್ಯರು:

ಬೇಡ. ಅದು ಅಡಿಗೆರೆಯ ಮೇಲೆ ಅಕ್ಷರಗಳ ಸಾಲಿನಲ್ಲೇ ನಿಲ್ಲುವುದರಿಂದ ಉಳಿದ ಅಕ್ಷರಗಳೊಂದಿಗೇ ವಾಲುತ್ತದೆ. ಪಾತ್ ಆದ ಮೇಲೆ ಕಾಗುಣಿತ ತಿದ್ದಲಾಗದು, ಆದ್ದರಿಂದ ಪಠ್ಯವಿರುವ ಕಡತವನ್ನು ಬೇರೆಯಾಗಿ ಉಳಿಸಿಕೊಂಡು ಮುದ್ರಕರಿಗೆ ಪಾತ್ ಇರುವ ಪಿಡಿಎಫ್ ಮಾತ್ರ ಕಳುಹಿಸಿ.