ಉದ್ರಿ ಲೆಕ್ಕದ ಆ್ಯಪ್ ತೆಗೆದುಬಿಡಲಾ? ಅನುಭವ ಇದ್ದವರು ಹೇಳಿ

ಇಳಕಲ್‌ನಿಂದ ಪ್ರಶ್ನೆ: ನಮ್ಮದು ಸಣ್ಣ ಸೀರೆ ಅಂಗಡಿ. ಉದ್ರಿ ಬರೆದಿಡಲು ಒಂದು ಆ್ಯಪ್ ಹಾಕಿಕೊಂಡಿದ್ದೇನೆ. ಮೊನ್ನೆ ಅದರ ಷರತ್ತು ಓದಿದೆ. ಬಳಕೆಯ ಮಾಹಿತಿ ಸಂಗ್ರಹಿಸಿ ಪಾಲುದಾರರಿಗೆ ಕೊಡುತ್ತಾರಂತೆ. ಗಿರಾಕಿಗಳ ಹೆಸರು, ಬಾಕಿ ಎಲ್ಲಾ ಅದರಲ್ಲೇ ಇದೆ. ಏನು ಮಾಡಲಿ?

ವಿಜಯಪುರದಿಂದ: ಅಕ್ಕಾ, ನನಗೂ ಹೀಗೇ ಆಗಿತ್ತು. ನಮ್ಮದು ಒಣದ್ರಾಕ್ಷಿ ವ್ಯಾಪಾರ. ದರ ನೋಡುವ ಒಂದು ಆ್ಯಪ್ ಕಾಂಟ್ಯಾಕ್ಟ್ಸ್ ಕೇಳಿತು, ಲೊಕೇಶನ್ ಕೇಳಿತು. ಗಡಿಬಿಡಿಯಲ್ಲಿ ಎಲ್ಲಕ್ಕೂ ಒಪ್ಪಿಗೆ ಒತ್ತಿದ್ದೆ. ಆಮೇಲೆ ಒಂದು ರಾತ್ರಿ ಕೂತು ಒಂದೊಂದೇ ಪರ್ಮಿಷನ್ ತೆಗೆದೆ. ಬೆಳಿಗ್ಗೆ ತೆರೆದರೆ ದರ ಎಂದಿನಂತೆ ಬಂತು! ಅಂದ್ರೆ ನನ್ನ ನಾನೂರು ನಂಬರ್ ಅದಕ್ಕೆ ಬೇಕೇ ಇರಲಿಲ್ಲ. ಮಂದಿ ನನ್ನನ್ನು ನಂಬಿ ಕೊಟ್ಟ ನಂಬರ್ ಅವು. ಆ ಸಂಕಟ ಇನ್ನೂ ಹೋಗಿಲ್ಲ. ನೀವೂ ಮೊದಲು ಪರ್ಮಿಷನ್ ತೆಗೆದು ನೋಡಿ.

ಬೆಳಗಾವಿಯಿಂದ: ನಾನು ಆ್ಯಪ್ ಮಾಡುವ ಕೆಲಸದಲ್ಲಿದ್ದೇನೆ. ಬಳಕೆ ಎಣಿಸುವುದೆಲ್ಲಾ ಕೆಟ್ಟದ್ದಲ್ಲ ಅಕ್ಕಾ. ನಮ್ಮ ಒಂದು ಆ್ಯಪ್‌ನಲ್ಲಿ ಜಾಸ್ತಿ ಮಂದಿ ಬಿಲ್ ಪುಟದಿಂದಲೇ ವಾಪಸ್ ಹೋಗುತ್ತಿದ್ದರು. ನೋಡಿದರೆ ಸಣ್ಣ ಫೋನ್‌ಗಳಲ್ಲಿ ‘ಉಳಿಸಿ’ ಬಟನ್ ಕೀಬೋರ್ಡ್ ಹಿಂದೆ ಮುಚ್ಚಿಹೋಗಿತ್ತು. ಅದು ತಿಳಿಯಲು ಯಾರ ಹೆಸರೂ ಬೇಕಾಗಲಿಲ್ಲ, ಎಷ್ಟು ಜನ ಅಂತ ಗೊತ್ತಾದರೆ ಸಾಕಿತ್ತು. ನನಗೆ ಹೆದರಿಕೆ ಇರುವುದು ಜಾಹೀರಾತು ಐಡಿ ಬಗ್ಗೆ, ಅಂದ್ರೆ ಜಾಹೀರಾತು ತೋರಿಸಲು ಫೋನಿಗೆ ಕೊಟ್ಟಿರುವ ಗುರುತಿನ ಸಂಖ್ಯೆ. ಆಂಡ್ರಾಯ್ಡ್ ಫೋನಿನ ಎಲ್ಲಾ ಆ್ಯಪ್‌ಗೂ ಅದು ಒಂದೇ. ಹಾಗಾಗಿ ಇಲ್ಲಿ ಒತ್ತಿದ್ದು, ಅಲ್ಲಿ ಕೊಂಡದ್ದು ಎಲ್ಲವನ್ನೂ ಒಂದೇ ದಾರಕ್ಕೆ ಪೋಣಿಸಬಹುದು. ಫೋನಿನಲ್ಲಿ ಆಂಡ್ರಾಯ್ಡ್ 12 ಅಥವಾ ಅದರ ಮೇಲಿನದು ಇದ್ದರೆ ಸೆಟ್ಟಿಂಗ್ಸ್, ಪ್ರೈವಸಿ, ಆ್ಯಡ್ಸ್ ಎಂದು ಹೋಗಿ ಆ ಐಡಿಯನ್ನೇ ಅಳಿಸಿ. ಐಫೋನ್ ಆದರೆ 2021ರಿಂದ, ಬೇರೆ ಆ್ಯಪ್‌ಗಳಲ್ಲಿ ನಿಮ್ಮ ಜಾಡು ಹಿಡಿಯುವ ಮೊದಲು ಆ್ಯಪ್ ನಿಮ್ಮನ್ನು ಕೇಳಬೇಕು, ಬೇಡ ಅನ್ನಿ. ಆದರೆ ನೀವೇ ಕೈಯಾರೆ ಬರೆದ ಉದ್ರಿಗೆ ಇದ್ಯಾವುದೂ ಕಾವಲು ಆಗುವುದಿಲ್ಲ. ಅದು ಅವರ ಸರ್ವರ್‌ಗೆ ಹೋಗಿರುತ್ತದೆ.

ಬಾಗಲಕೋಟೆಯಿಂದ: ಹೌದು, ನಾನು ಎಡವಿದ್ದು ಅಲ್ಲೇ. ಅಂಥದ್ದೇ ಆ್ಯಪನ್ನು ಫೋನಿಂದ ತೆಗೆದು ಸುಮ್ನೆ ಕೂತಿದ್ದೆ. ಆರು ತಿಂಗಳ ಮೇಲೆ ಅದೇ ನಂಬರ್ ಹಾಕಿ ತೆರೆದರೆ ಹಳೇ ಬಾಕಿ ಪೈಸೆ ಸಮೇತ ಹಾಗೇ ಇತ್ತು. ಒಳಗೆ ‘ಖಾತೆ ಅಳಿಸಿ’ ಎಂದು ಹುಡುಕಿ ಅಕ್ಕಾ. ಖಾತೆ ತೆರೆಸುವ ಆ್ಯಪ್ ಅಳಿಸುವ ದಾರಿಯನ್ನೂ ಕೊಡಬೇಕು, ಇದು ಪ್ಲೇ ಸ್ಟೋರ್ ನಿಯಮ. ಅದಕ್ಕೂ ಮೊದಲು ಉದ್ರಿ ಎಲ್ಲಾ ಒಂದು ವಹಿಯಲ್ಲಿ ಬರೆದುಕೊಳ್ಳಿ. ಅಳಿಸಿದ ಮೇಲೆ ಯಾರ ಬಾಕಿ ಎಷ್ಟು ಅಂತ ಗಿರಾಕಿಯನ್ನೇ ಕೇಳುವ ಪರಿಸ್ಥಿತಿ ಬರಬಾರದು.