ವಚನ ಗಾಯನಕ್ಕೂ ಮದುವೆ ಆರ್ಕೆಸ್ಟ್ರಾಕ್ಕೂ ಒಂದೇ ಬಾಸ್ ಗಿಟಾರ್ ಸಾಕೇ?

ತೊಗರಿನಾಡು, ಕಲಬುರಗಿ:
ಶರಣು. ಎರಡು ವರ್ಷ ಆರ್ಕೆಸ್ಟ್ರಾದಲ್ಲಿ ಗೆಳೆಯನ ಬಾಸ್ ನುಡಿಸಿದೆ. ಅವನು ಪುಣೆಗೆ ಹೋದ, ಗಿಟಾರೂ ಹೋಯಿತು. ಈಗ ವಚನ ಗಾಯನ ತಂಡವೂ ಕರೆದಿದೆ; ಅಲ್ಲಿ ಹಾರ್ಮೋನಿಯಂ, ತಬಲಾ ಮಾತ್ರ. ಕೈಯಲ್ಲಿ 25,000 ರೂಪಾಯಿ ಇದೆ. ಫೆಂಡರ್ ಕಂಪನಿಯ ಎರಡು ಬಾಸ್‌ಗಳಲ್ಲಿ ಪ್ರಿಸಿಷನ್ ಮಾದರಿಯೋ, ಜಾಝ್ ಮಾದರಿಯೋ? ಹಳೆಯದು ಕಲ್ಯಾಣ ಮಂಟಪದ ದೀಪಗಳು ಹೊತ್ತಿಕೊಂಡ ಕೂಡಲೇ ಗುಂಯ್ ಎನ್ನುತ್ತಿತ್ತು. ಅದೊಂದು ಮಾತ್ರ ಬೇಡವೇ ಬೇಡ.

ಬಿದ್ರಿ ಬಾಸ್, ಬೀದರ್:
ಭಾನುವಾರ ಚರ್ಚ್‌ನಲ್ಲಿ, ಉಳಿದ ದಿನ ಮದುವೆಗಳಲ್ಲಿ ನುಡಿಸುತ್ತೇನೆ. ಆ ಸದ್ದು ಸಿಂಗಲ್ ಕಾಯಿಲ್ ಪಿಕಪ್‌ನದು, ಅಂದರೆ ತಂತಿಯ ಕಂಪನವನ್ನು ಹಿಡಿಯುವ ಒಂದೇ ಸುರುಳಿಯ ಸಾಧನದ್ದು. ನಮ್ಮ ಕರೆಂಟ್ 50 ಹರ್ಟ್ಸ್. ದಪ್ಪ ತಂತಿಯನ್ನು ಮೂರನೆಯ ಫ್ರೆಟ್‌ನಲ್ಲಿ (ಕತ್ತಿನ ಮೇಲಿನ ಅಡ್ಡಪಟ್ಟಿ) ಒತ್ತಿದರೆ ಬರುವ ಜಿ ಸ್ವರ 49 ಹರ್ಟ್ಸ್. ಎರಡೂ ಉಜ್ಜಾಡಿ ಶ್ರುತಿಯೇ ಅಲುಗಿದಂತೆ ಕೇಳುತ್ತದೆ. ಫೆಂಡರ್ 1957ರಲ್ಲಿ ಪ್ರಿಸಿಷನ್‌ಗೆ ಇಟ್ಟ ಎರಡು ಹೋಳಿನ ಪಿಕಪ್‌ನಲ್ಲಿ ಒಂದು ಹೋಳಿನ ಗುಂಯ್ ಸದ್ದನ್ನು ಇನ್ನೊಂದು ಅಳಿಸುತ್ತದೆ. ಈಗಿನ ಜಾಝ್ ಬಾಸ್‌ಗಳಲ್ಲಿ ಎರಡೂ ಪಿಕಪ್‌ಗಳ ವಾಲ್ಯೂಮ್ ಸಮವಾಗಿದ್ದರೆ ಮಾತ್ರ ಆ ನೆಮ್ಮದಿ.

ನನ್ನ ಮಾತು ಕೇಳುವುದಾದರೆ ಎರಡರಿಂದಲೂ ಒಂದೊಂದು ಪಿಕಪ್ ಇರುವ ಪಿ-ಜೆ ಕೊಳ್ಳಿ; ಪ್ರಿಸಿಷನ್ ಪಿಕಪ್ ಒಂದನ್ನೇ ತೆರೆದರೆ ಗುಂಯ್ ಇರುವುದಿಲ್ಲ. ಯಮಹಾ ಟಿಆರ್‌ಬಿಎಕ್ಸ್ 174 ಅಂಥದ್ದು, ಬ್ಯಾಟರಿಯ ಹಂಗಿಲ್ಲ. ಒಮ್ಮೆ ಹುಮನಾಬಾದಿನ ಮದುವೆಯಲ್ಲಿ ನನ್ನ ಆಕ್ಟಿವ್ ಬಾಸ್‌ನ 9 ವೋಲ್ಟ್ ಬ್ಯಾಟರಿ ಹಾಡಿನ ನಡುವೆಯೇ ಸತ್ತಿತು. ಆಮೇಲೆ ಅದನ್ನು ಮುಟ್ಟಲಿಲ್ಲ.

ಹಾರ್ಮೋನಿಯಂ ಶಿಷ್ಯ, ಯಾದಗಿರಿ:
ಪಿಕಪ್ ಆಮೇಲೆ ನೋಡೋಣ. ಹಾಡುವವರ ಶ್ರುತಿ ಯಾವುದು? ನಾಲ್ಕು ತಂತಿಯ ಬಾಸ್ ಕೆಳಗೆ ಇ ಸ್ವರಕ್ಕೆ ನಿಂತುಬಿಡುತ್ತದೆ. ಕರಿ ಎರಡಾದರೆ (ಹಾರ್ಮೋನಿಯಂನ ಎರಡನೆಯ ಕರಿ ಮನೆ, ಡಿ ಶಾರ್ಪ್) ದಪ್ಪ ತಂತಿಯನ್ನು ಅರ್ಧ ಸ್ವರ ಇಳಿಸಿದರಾಯಿತು. ಕರಿ ಒಂದಾದರೆ (ಸಿ ಶಾರ್ಪ್) ಷಡ್ಜಕ್ಕೆ ಮೂರು ಫ್ರೆಟ್‌ನಷ್ಟು ಇಳಿಸಬೇಕು, ತಂತಿ ಜೋಲು ಬೀಳುತ್ತದೆ. ಮೇಲಿನ ಷಡ್ಜ ಹಿಡಿದರೆ ತಬಲಾ ಜೋಡಿಯ ಎಡಗೈ ಡಗ್ಗಾದ ಗುಮುಕಿನಲ್ಲಿ ಬಾಸ್ ಕಳೆದುಹೋಗುತ್ತದೆ; ಆ ಕೊರತೆ ನಮ್ಮ ತಂಡದಲ್ಲಿ ಇಂದಿಗೂ ಇದೆ, ಕೇಳಿದಾಗಲೆಲ್ಲ ಸಂಕಟವಾಗುತ್ತದೆ. ಕರಿ ಒಂದಕ್ಕೆ ಐದು ತಂತಿಯದೇ ಬೇಕು. ಆದರೆ ಅದರಲ್ಲಿ ಹೆಚ್ಚಿಗೆ ಬರುವ ಕೆಳಗಿನ ಬಿ ತಂತಿಯನ್ನು ನುಡಿಸಿ ನೋಡದೆ ಹಣ ಕೊಡಬೇಡಿ. ಕೆಲವು ಅಗ್ಗದ ಗಿಟಾರುಗಳಲ್ಲಿ ಅದು ಸ್ವರವಾಗುವುದಿಲ್ಲ, ಬರೀ ಗುಡುಗು. ವಚನಕ್ಕೆ ಫ್ಲಾಟ್‌ವೌಂಡ್ (ಚಪ್ಪಟೆ ಪಟ್ಟಿ ಸುತ್ತಿದ, ನುಣುಪಾದ) ತಂತಿ ಹಾಕಿಸಿ. ಬೆರಳು ಜಾರಿದ ಕರಕರ ಸದ್ದು ಇರುವುದಿಲ್ಲ.

ತೊಗರಿನಾಡು, ಕಲಬುರಗಿ:
ಈಗಷ್ಟೇ ಫೋನ್ ಮಾಡಿ ಕೇಳಿದೆ: ಕರಿ ಒಂದು! ಇದು ನನಗೆ ಹೊಳೆದೇ ಇರಲಿಲ್ಲ. ಶನಿವಾರ ಹೈದರಾಬಾದಿಗೆ ಹೋಗುತ್ತೇನೆ. ಐದು ತಂತಿಯ ಪಿ-ಜೆ ಸಿಕ್ಕರೆ ಅದು, ಇಲ್ಲವಾದರೆ ಗುಂಯ್ ಸದ್ದು ಅಳಿಸುವ ಎರಡು ಸುರುಳಿಯ ಪಿಕಪ್, ಅಂದರೆ ಹಂಬಕರ್ ಇರುವುದು. ಮೊಬೈಲಿನಲ್ಲಿ ತಂಬೂರಿ ಹಚ್ಚಿ, ಬಿ ತಂತಿಯ ಎರಡನೆಯ ಫ್ರೆಟ್ ಒತ್ತಿ, ಅಂದರೆ ಕರಿ ಒಂದರ ಷಡ್ಜ ಹಿಡಿದು ಕೇಳುತ್ತೇನೆ.